ಕಳಲೆಯನ್ನು ಯಾವ ದಿಕ್ಕಿನಿಂದ ನೋಡಬೇಕು?

ಪೈಥಾನ್‌ನಲ್ಲಿ ಮೂರು ಆಯಾಮದ ಚಿತ್ರ ಬರೆಸಿದವರೆಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಎರಡು ಸಂಖ್ಯೆಗಳಿಗೆ ತಲೆಬಾಗಿದ್ದಾರೆ: 30 ಮತ್ತು −60. ನೀವು ಬೇರೇನೂ ಹೇಳದಿದ್ದರೆ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿ ನಿಮ್ಮ ಮೇಲ್ಮೈಯನ್ನು ನೆಲದಿಂದ 30 ಡಿಗ್ರಿ ಮೇಲೆ ನಿಂತು, −60 ಡಿಗ್ರಿಯ ಕಡೆಯಿಂದ ನೋಡುತ್ತದೆ. ಎಕ್ಸ್ ಅಕ್ಷವೆಂದರೆ ಪೂರ್ವ, ವೈ ಅಕ್ಷವೆಂದರೆ ಉತ್ತರ ಎಂದಿಟ್ಟುಕೊಂಡರೆ ಈ −60 ಬೀಳುವುದು ದಕ್ಷಿಣದಿಂದ ತುಸು ಪೂರ್ವಕ್ಕೆ. ಹಾಗಾಗಿ ನಂಜನಗೂಡು ಮತ್ತು ಟಿ. ನರಸೀಪುರದ ನೆಲವನ್ನು ಅದರ ಕೈಗಿತ್ತರೆ ಅದು ಹೆಚ್ಚುಕಡಿಮೆ ಚಾಮರಾಜನಗರದ ಆಕಾಶದಲ್ಲಿ ನಿಂತು ಇತ್ತ ಇಣುಕುತ್ತದೆ. ಚಾಮರಾಜನಗರವೇ ಏಕೆ? ಕಾರಣವೇನಿಲ್ಲ. ಆ ಸಂಖ್ಯೆಗಳನ್ನು ಬರೆದಿಟ್ಟವರಿಗೆ ಈ ಸೀಮೆಯ ಗೊಡವೆಯೇ ಇರಲಿಲ್ಲ.

ಈ ಅಧ್ಯಾಯದಲ್ಲಿ ಅಂಥ ಹತ್ತಾರು ಮೌನ ತೀರ್ಮಾನಗಳನ್ನು ಒಂದೊಂದಾಗಿ ಕೆದಕಬೇಕೆಂದಿದ್ದೇನೆ. ಕೆದಕಲು ಕಳಲೆಯ ಸುತ್ತಣ ನೆಲವನ್ನು ಆರಿಸಿಕೊಂಡಿದ್ದಕ್ಕೆ ಅದು ಚಂದ ಕಾಣುತ್ತದೆ ಎಂಬುದು ಕಾರಣವಲ್ಲ. ಮೂರು ಆಯಾಮದ ಚಿತ್ರಕ್ಕೆ ಅದು ಒಗ್ಗುವುದೇ ಇಲ್ಲ, ಅದಕ್ಕೇ ಆರಿಸಿದ್ದು. ಲೈಬ್ರರಿಯ ಮಾದರಿ ಚಿತ್ರಗಳಲ್ಲಿ ಸೈನ್ ಅಲೆಯಿಂದ ಮಾಡಿದ ಟೋಪಿಯಿರುತ್ತದೆ, ಅಮೆರಿಕದ ಜ್ಯಾಕ್ಸ್‌ಬರೊ ಸ್ತರಭಂಗದ ಬೆಟ್ಟಸಾಲಿರುತ್ತದೆ. ಅವುಗಳನ್ನು ಎತ್ತಲಿಂದ ನೋಡಿದರೂ ಏನೋ ಒಂದು ಕಾಣುತ್ತದೆ. ಕಳಲೆಯ ಸುತ್ತಣ ಕಪಿಲಾ ಹೊಳೆಯ ಬಯಲು ಹಾಗಲ್ಲ. ಇಲ್ಲಿ ನೆಲದ ಕತೆಯೆಲ್ಲ ನಾಲ್ಕೈದು ಮೀಟರಿನ ಏರಿಳಿತದಲ್ಲಿ ಅಡಗಿದೆ. ಯಾವ ಗದ್ದೆಗೆ ನಾಲೆಯ ನೀರು ಹತ್ತುತ್ತದೆ, ಯಾವ ಬೀದಿಗೆ ಹೊಳೆ ನುಗ್ಗುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ನಾಲ್ಕೈದು ಮೀಟರೇ.

ಕಳಲೆ ನಂಜನಗೂಡಿನಿಂದ ಕೆಲವೇ ಕಿಲೋಮೀಟರು. ಮೈಸೂರಿನ ಒಡೆಯರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು ಅದು. 18ನೇ ಶತಮಾನದ ನಡುವಿನ ದಶಕಗಳಲ್ಲಿ ಕಳಲೆಯ ದೇವರಾಜಯ್ಯ, ನಂಜರಾಜಯ್ಯ ಸೋದರರ ಮಾತೇ ಸಂಸ್ಥಾನದಲ್ಲಿ ನಡೆಯುತ್ತಿತ್ತು. ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೆಯ ಸೇತುವೆಯನ್ನು 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದನೆನ್ನುತ್ತಾರೆ. ಮುಂದೆ ಅದು ರಸ್ತೆ, ರೈಲು ಎರಡನ್ನೂ ಹೊತ್ತಿತು. ಹೊಳೆ ಎಲ್ಲಿ ಎಷ್ಟು ಏರುತ್ತದೆಂಬ ಲೆಕ್ಕ ಆ ಕಾಲದ ಕಟ್ಟುವವರ ತಲೆಯಲ್ಲಿತ್ತು. ಕಾಗದದ ಮೇಲಿರಲಿಲ್ಲ.

ನಮಗಾದರೋ ಕಾಗದವೂ ಬೇಕಿಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರ್‌ನಿಂದ ನೆಲದ ಎತ್ತರವನ್ನು ಅಳೆಯಿತು. ಎಸ್‌ಆರ್‌ಟಿಎಂ ಎಂಬ ಆ ದತ್ತಾಂಶ ಒಂದೊಂದು ಡಿಗ್ರಿಯ ಚೌಕಗಳಾಗಿ ಪುಕ್ಕಟೆ ಸಿಗುತ್ತದೆ. ಉತ್ತರ ಅಕ್ಷಾಂಶ 12ರಿಂದ 13, ಪೂರ್ವ ರೇಖಾಂಶ 76ರಿಂದ 77ರವರೆಗಿನ ಒಂದೇ ಚೌಕದಲ್ಲಿ ಕಳಲೆ, ನಂಜನಗೂಡು, ಟಿ. ನರಸೀಪುರ, ಮೈಸೂರು ಎಲ್ಲವೂ ಇವೆ. (ಗುಂಡ್ಲುಪೇಟೆ, ಗೋಪಾಲಸ್ವಾಮಿ ಬೆಟ್ಟ ಬೇಕೆಂದರೆ ಕೆಳಗಿನ ಚೌಕವನ್ನೂ ತರಿಸಬೇಕು. ಬಾಹ್ಯಾಕಾಶ ನೌಕೆಯ ಲೆಕ್ಕದಲ್ಲಿ ತಾಲ್ಲೂಕಿನ ಗಡಿಗೆ ಬೆಲೆಯಿಲ್ಲ.) ಚೌಕದ ಒಂದೊಂದು ಬದಿಯಲ್ಲೂ 3601 ಬಿಂದುಗಳು, ಬಿಂದುವಿನಿಂದ ಬಿಂದುವಿಗೆ ಸುಮಾರು 30 ಮೀಟರು. ನಮ್ಮ ಇಸ್ರೊ 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1ರ ಜೋಡಿ ಚಿತ್ರಗಳಿಂದಲೂ ಇಂಥದೇ ಎತ್ತರದ ಮಾದರಿ ತಯಾರಾಗಿದ್ದು, ಭುವನ್ ತಾಣದಲ್ಲಿದೆ.

ಅದರಲ್ಲಿ 12.0ರಿಂದ 12.4, 76.6ರಿಂದ 77.0 ಡಿಗ್ರಿಯಷ್ಟನ್ನು ಕತ್ತರಿಸಿಕೊಳ್ಳೋಣ. ಸುಮಾರು 44 ಕಿಲೋಮೀಟರು ಉದ್ದಗಲದ ತುಂಡು. ನೈಋತ್ಯ ಮೂಲೆಯ ಹತ್ತಿರ ಕಳಲೆ, ವಾಯವ್ಯದಲ್ಲಿ ಚಾಮುಂಡಿ ಬೆಟ್ಟ, ಪೂರ್ವಕ್ಕೆ ಕಾವೇರಿ ಕಪಿಲೆಯರು ಸೇರುವ ತಿರುಮಕೂಡಲು. ತಗ್ಗಿನ ನೆಲ ಸಮುದ್ರಮಟ್ಟದಿಂದ ಸುಮಾರು 630 ಮೀಟರು, ಬೆಟ್ಟದ ನೆತ್ತಿ 1060ರ ಆಸುಪಾಸು. ಮಧ್ಯೆ ಇರುವುದು 430 ಮೀಟರು.

ಈ ತುಂಡನ್ನು ಲೈಬ್ರರಿಗೆ ಕೊಟ್ಟು, ಏನನ್ನೂ ಮುಟ್ಟದೆ ‘ಪ್ಲಾಟ್ ಸರ್ಫೇಸ್’ ಎಂದರೆ ಬರುವ ಚಿತ್ರದಲ್ಲಿ ಮೈಸೂರಿನ ಪಕ್ಕ ಬೆಟ್ಟ ಇರುವುದಿಲ್ಲ, ಹಲಗೆಗೆ ಹೊಡೆದ ಮೊಳೆ ತಲೆಕೆಳಗಾಗಿ ಎದ್ದಂಥದ್ದೊಂದು ಇರುತ್ತದೆ. ಲೈಬ್ರರಿ ತನ್ನ ಪೆಟ್ಟಿಗೆಯನ್ನು 4:4:3ರ ಪ್ರಮಾಣದಲ್ಲಿ ಕಟ್ಟುವುದರ ಫಲ ಇದು. ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಒಳಗಿರುವುದು ಅಣುವೋ ಅರಬ್ಬೀ ಸಮುದ್ರವೋ ಅದಕ್ಕೆ ಒಂದೇ. 44 ಕಿಲೋಮೀಟರಿನ ಮುಕ್ಕಾಲು ಎಂದರೆ 33 ಕಿಲೋಮೀಟರು. ಅಷ್ಟು ಎತ್ತರಕ್ಕೆ ನಮ್ಮ 430 ಮೀಟರನ್ನು ಹಿಗ್ಗಿಸಲಾಗಿದೆ, ಅಂದರೆ ಎತ್ತರ ಸುಮಾರು 75 ಪಟ್ಟು ಉಬ್ಬಿದೆ. ತೆಂಗಿನ ತೋಟದ ತಲೆಗೆ ತಾಕಿ ಮರಳಿದ ರೇಡಾರ್ ಅಲೆ ನೆಲವನ್ನು ಐದು ಮೀಟರು ಹೆಚ್ಚಿಗೆ ತೋರಿಸಿದ್ದರೆ, ಈ ಚಿತ್ರದಲ್ಲಿ ಅದು 375 ಮೀಟರಿನ ಗುಡ್ಡ. ಇಲ್ಲದ ಗುಡ್ಡಗಳು ಬಯಲ ತುಂಬ.

ಹಾಗಾದರೆ ನಿಜವಾದ ಪ್ರಮಾಣಕ್ಕೆ ತರೋಣವೇ? ‘ಸೆಟ್ ಬಾಕ್ಸ್ ಆಸ್ಪೆಕ್ಟ್’ ಎಂಬ ಆಜ್ಞೆ 2020ರ 3.3ನೇ ಆವೃತ್ತಿಯಲ್ಲಿ ಮೂರು ಆಯಾಮಕ್ಕೂ ಬಂತು. ಅದಕ್ಕೆ 44, 44, 0.43 ಎಂದು ಕೊಟ್ಟರೆ ಸತ್ಯ ಕಾಣುತ್ತದೆ. ಸತ್ಯವೆಂದರೆ, ಹತ್ತು ಸೆಂಟಿಮೀಟರು ಅಗಲದ ಚಿತ್ರದಲ್ಲಿ ಹೊಳೆಯಿಂದ ಚಾಮುಂಡಿಯ ನೆತ್ತಿಯವರೆಗಿನ ಎತ್ತರ ಒಂದು ಮಿಲಿಮೀಟರು. ಬಯಲು ಬರಿಯ ಹಾಳೆ. ಇದು ಸುಳ್ಳಲ್ಲ. ಆದರೆ ಮೈಸೂರಿನಿಂದ ಬೆಟ್ಟದ ಮೆಟ್ಟಿಲು ಹತ್ತಿದ ಯಾರೂ ಇದನ್ನು ಒಪ್ಪಲಾರರು. ನೆಲದ ಮೇಲೆ ನಡೆಯುವ ಮನುಷ್ಯನ ಕಣ್ಣು ಎತ್ತರವನ್ನು ತಾನೇ ಹಿಗ್ಗಿಸಿ ನೋಡುತ್ತದೆ. ಅದಕ್ಕೇ ಭೂಪಟ ಮಾಡುವವರು ಎತ್ತರವನ್ನು ಬೇಕೆಂದೇ ಉಬ್ಬಿಸುತ್ತಾರೆ, ಎಷ್ಟು ಉಬ್ಬಿಸಿದೆವೆಂದು ಮೂಲೆಯಲ್ಲಿ ಬರೆಯುತ್ತಾರೆ. ಕಪಿಲೆಯ ಬಯಲಿಗೆ ಹತ್ತು ಪಟ್ಟು ಸರಿಯೆಂದು ನನ್ನ ಲೆಕ್ಕ. ಬೆಟ್ಟ ಬೆಟ್ಟದಂತೆಯೇ ಕಾಣುತ್ತದೆ, ಹೊಳೆಯ ಪಾತ್ರ ಗೆರೆಯಂತಾದರೂ ಕಾಣಿಸುತ್ತದೆ. ಇಪ್ಪತ್ತು ಎನ್ನುವವರೊಂದಿಗೆ ಜಗಳವಿಲ್ಲ. ಎಷ್ಟು ಪಟ್ಟೆಂದು ಬರೆಯದವರೊಂದಿಗೆ ಇದೆ.

ಹೊಳೆಯ ಪಾತ್ರ ಕಾಣಿಸುತ್ತದೆ ಎಂದೆ. ಆದರೆ ಅದು ಕಾಣದಂತೆ ಮಾಡುವ ಇನ್ನೊಂದು ಮೌನ ತೀರ್ಮಾನವಿದೆ, ಎಲ್ಲಕ್ಕಿಂತ ಕಪಟದ್ದು ಅದೇ. ನಮ್ಮ ತುಂಡಿನಲ್ಲಿ ಬದಿಗೆ 1441ರಂತೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳಿವೆ. ಲೈಬ್ರರಿ ಅಷ್ಟನ್ನೂ ಬಿಡಿಸುವುದಿಲ್ಲ. ‘ಆರ್‌ಕೌಂಟ್’, ‘ಸಿಕೌಂಟ್’ ಎಂಬ ಎರಡು ಮಿತಿಗಳು ಹುಟ್ಟಿನಿಂದಲೇ 50ಕ್ಕೆ ಕಟ್ಟಿಬಿದ್ದಿವೆ. ಒಂದೊಂದು ದಿಕ್ಕಿನಲ್ಲಿ ಹೆಚ್ಚೆಂದರೆ ಐವತ್ತರಷ್ಟು ಸಾಲು, ಉಳಿದದ್ದೆಲ್ಲ ಕಸ. ಅಂದರೆ 29 ಬಿಂದುಗಳಿಗೆ ಒಂದನ್ನು ಆರಿಸಿ ಉಳಿದ 28ನ್ನು ಬಿಸಾಡುತ್ತದೆ, ಎರಡೂ ದಿಕ್ಕಿನಲ್ಲಿ. 841 ಬಿಂದುಗಳಿಗೆ ಒಂದೇ ಪ್ರತಿನಿಧಿ. ಆಯ್ಕೆಯಾದ ಬಿಂದುಗಳ ನಡುವೆ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಅಂತರ. ಕಪಿಲೆಯ ಪಾತ್ರ ಅದಕ್ಕಿಂತ ಎಷ್ಟೋ ಕಿರಿದು, ಆದ್ದರಿಂದ ಹೊಳೆ ಆ ಸಂದಿನಲ್ಲಿ ಜಾರಿಹೋಗುತ್ತದೆ. ಆಯ್ಕೆಯಾದ ಬಿಂದು ಆಕಸ್ಮಿಕವಾಗಿ ಪಾತ್ರದೊಳಗೆ ಬಿದ್ದಲ್ಲೆಲ್ಲ ಒಂದೊಂದು ಹೊಂಡ, ಬೀಳದಲ್ಲಿ ಬಯಲು. ನದಿ ತುಂಡುತುಂಡಾಗುತ್ತದೆ. ಇಷ್ಟಾದರೂ ಲೈಬ್ರರಿ ಎಚ್ಚರಿಕೆಯ ಒಂದು ಸಾಲನ್ನೂ ಹೊರಡಿಸುವುದಿಲ್ಲ.

ಮಿತಿಯನ್ನು 300ಕ್ಕೋ 400ಕ್ಕೋ ಏರಿಸಬಹುದು. ಕಂಪ್ಯೂಟರು ಏದುಸಿರು ಬಿಡುತ್ತದೆ, ಚಿತ್ರ ತಿರುಗಿಸುವುದು ದುಸ್ತರವಾಗುತ್ತದೆ, ಆದರೆ ಹೊಳೆ ಮರಳಿ ಬರುತ್ತದೆ. ಬಿಂದುಗಳನ್ನು ಕಡಿಮೆ ಮಾಡಲೇಬೇಕಾದರೆ ಆ ಕೆಲಸವನ್ನು ಲೈಬ್ರರಿಗೆ ಬಿಡದೆ ನೀವೇ ಮಾಡುವುದು ಲೇಸು. ಬೆಟ್ಟ ಮುಖ್ಯವಾದರೆ ಅಕ್ಕಪಕ್ಕದ ಬಿಂದುಗಳ ಸರಾಸರಿ ತೆಗೆಯಿರಿ, ಹೊಳೆ ಮುಖ್ಯವಾದರೆ ಅವುಗಳಲ್ಲಿ ಅತಿ ತಗ್ಗಿನದನ್ನು ಉಳಿಸಿಕೊಳ್ಳಿ.

ಕಡತದ ಎರಡು ಕಿರುಕುಳಗಳನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಎಸ್‌ಆರ್‌ಟಿಎಂ ಕಡತದ ಮೊದಲ ಸಾಲು ಉತ್ತರದ ಅಂಚು. ಅದನ್ನು ತಿರುವಿ ಹಾಕದಿದ್ದರೆ ಚಾಮುಂಡಿ ಬೆಟ್ಟ ಕಳಲೆಯ ದಕ್ಷಿಣಕ್ಕೆ ಬಂದು ಕೂರುತ್ತದೆ. ಇನ್ನು, ಹಳೆಯ ಆವೃತ್ತಿಯ ಕಡತಗಳಲ್ಲಿ ರೇಡಾರ್‌ಗೆ ಕಾಣದ ಜಾಗಕ್ಕೆ −32768 ಎಂದು ಬರೆದಿರುತ್ತದೆ. ಅಂಥ ಒಂದೇ ಒಂದು ಬಿಂದು ನುಸುಳಿದರೂ ಚಿತ್ರದಲ್ಲಿ ಸುಮಾರು 33 ಕಿಲೋಮೀಟರು ಆಳದ ಬಾವಿ ತೆರೆದು, ಉಳಿದ ನೆಲವೆಲ್ಲ ಚಪ್ಪಟೆಯಾಗುತ್ತದೆ.

ಬಣ್ಣಕ್ಕೆ ಬರೋಣ. 2017ರಲ್ಲಿ 2.0ನೇ ಆವೃತ್ತಿ ಬರುವತನಕ ಮ್ಯಾಟ್‌ಪ್ಲಾಟ್‌ಲಿಬ್‌ನ ಹುಟ್ಟುಬಣ್ಣ ‘ಜೆಟ್’ ಆಗಿತ್ತು, ನೀಲಿಯಿಂದ ಹಸಿರು, ಹಳದಿ ಹಾದು ಕೆಂಪಿನವರೆಗೆ. ಅದರ ನಡುವಿನ ಹಳದಿ ಕಣ್ಣಿಗೆ ಹೊಡೆಯುವಷ್ಟು ಬೆಳಗುತ್ತದೆ, ಎರಡೂ ತುದಿಗಳು ಕಪ್ಪಾಗುತ್ತವೆ. ಹಾಗಾಗಿ ನೆಲದಲ್ಲಿ ಇಲ್ಲದ ಅಂಚುಗಳು ಚಿತ್ರದಲ್ಲಿ ಹುಟ್ಟಿಕೊಳ್ಳುತ್ತವೆ. ಸ್ಟೆಫಾನ್ ವಾನ್ ಡೆರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ ಅದರ ಬದಲಿಗೆ ‘ವಿರಿಡಿಸ್’ ರೂಪಿಸಿದರು. ನೇರಳೆಯಿಂದ ಹಳದಿಗೆ ಬೆಳಕು ಒಂದೇ ಹದದಲ್ಲಿ ಏರುತ್ತ ಹೋಗುವ ಬಣ್ಣಸಾಲು. ಕೆಂಪು ಹಸಿರು ಬೇರ್ಪಡಿಸಲಾರದ ಕಣ್ಣಿಗೂ, ಕಪ್ಪುಬಿಳುಪು ಮುದ್ರಣಕ್ಕೂ ಅದು ನಡೆಯುತ್ತದೆ.

ಆದರೆ ನೆಲದ ಚಿತ್ರವೆಂದೊಡನೆ ಹೊಸಬರ ಕೈ ಹೋಗುವುದು ‘ಟೆರೇನ್’ ಎಂಬ ಬಣ್ಣಸಾಲಿಗೆ. ಹೆಸರೇ ಕರೆಯುತ್ತದಲ್ಲ! ಅದರ ಕೆಳಗಿನ ಕಾಲು ಭಾಗ ನೀಲಿ, ಅಲ್ಲಿಂದ ಹಸಿರು, ಹಳದಿ, ಕಂದು, ತುದಿಗೆ ಬಿಳಿ. ಸಮುದ್ರದಿಂದ ಹಿಮಶಿಖರದವರೆಗೆ ಚಾಚಿದ ನೆಲವನ್ನು ನೆನೆದು ಮಾಡಿದ್ದು. ಲೈಬ್ರರಿ ನಮ್ಮ ಅತಿ ತಗ್ಗನ್ನು ಮೊದಲ ಬಣ್ಣಕ್ಕೂ, ಅತಿ ಎತ್ತರವನ್ನು ಕೊನೆಯ ಬಣ್ಣಕ್ಕೂ ಗಂಟು ಹಾಕುತ್ತದೆ. ಆಗ ಟಿ. ನರಸೀಪುರದ ಭತ್ತದ ಗದ್ದೆಗಳೆಲ್ಲ ಸಮುದ್ರದಲ್ಲಿ ಮುಳುಗಿ, ಚಾಮುಂಡಿ ಬೆಟ್ಟದ ಮೇಲೆ ಹಿಮ ಬೀಳುತ್ತದೆ. ಇದಕ್ಕೆ ಮದ್ದು ಸರಳ. ಬಣ್ಣದ ಕೆಳಮಿತಿ, ಮೇಲ್ಮಿತಿಗಳನ್ನು ನಾವೇ ಕೊಡಬೇಕು, 400 ಮತ್ತು 1300 ಎಂದು. ಆಗ 630 ಮೀಟರು ಬಣ್ಣಸಾಲಿನ ಕಾಲುಭಾಗ ದಾಟಿದಲ್ಲಿ, ಹಸಿರಿಗೆ ಬೀಳುತ್ತದೆ. 1060 ಮೀಟರು ಮುಕ್ಕಾಲಿನ ಹತ್ತಿರ, ಕಂದಿಗೆ. ನೀಲಿಯೂ ಹೋಯಿತು, ಹಿಮವೂ ಕರಗಿತು. ನಮ್ಮ ನೆಲದಲ್ಲಿ ಇಲ್ಲದ ಎತ್ತರಗಳನ್ನು ಸೇರಿಸಿ ಹೇಳಿದಾಗಲೇ ಇದ್ದ ಎತ್ತರಗಳಿಗೆ ತಕ್ಕ ಬಣ್ಣ ದಕ್ಕಿದ್ದು ನೋಡಿ.

ಮೂರು ಆಯಾಮವನ್ನು ಕಣ್ಣಿಗೆ ನಿಜವಾಗಿ ಮುಟ್ಟಿಸುವುದು ಬಣ್ಣಕ್ಕಿಂತ ನೆರಳು. ಇಲ್ಲೂ ಒಂದು ಹುಟ್ಟುತೀರ್ಮಾನವಿದೆ: ಬೆಳಕು 225 ಡಿಗ್ರಿಯಿಂದ, ಅಂದರೆ ನೈಋತ್ಯದಿಂದ, ನೆಲದಿಂದ ಇಪ್ಪತ್ತು ಡಿಗ್ರಿಗೂ ಕೊಂಚ ಕಡಿಮೆ ಎತ್ತರದಲ್ಲಿ. ‘ಲೈಟ್ ಸೋರ್ಸ್’ ಎಂಬ ವಸ್ತುವನ್ನು ನಾವೇ ಸೃಷ್ಟಿಸಿದರೆ ಅದು ವಾಯವ್ಯಕ್ಕೆ, 45 ಡಿಗ್ರಿ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಅದು ಭೂಪಟಕಾರರ ಹಳೆಯ ಸಂಪ್ರದಾಯ. ಹಾಳೆಯ ಮೇಲ್ಗಡೆಯಿಂದ ಬೆಳಕು ಬಿದ್ದರೆ ಉಬ್ಬು ಉಬ್ಬಾಗಿ ಕಾಣುತ್ತದೆ, ಕೆಳಗಿನಿಂದ ಬಿದ್ದರೆ ಬೆಟ್ಟ ಕಣಿವೆಯಾಗಿ, ಕಣಿವೆ ಬೆಟ್ಟವಾಗಿ ಕಣ್ಣು ಮೋಸಹೋಗುತ್ತದೆ. ಯೂರೋಪಿನಲ್ಲಿ ಸೂರ್ಯ ವಾಯವ್ಯದಲ್ಲಿ ಅಷ್ಟು ಎತ್ತರಕ್ಕೆ ಎಂದೂ ಬರಲಾರ, ಹಾಗಾಗಿ ಅಲ್ಲಿ ಇದು ಬರೀ ಕಟ್ಟುಪಾಡು. ಕಳಲೆ ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಇಲ್ಲಿ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಜೂನ್‌ನ ಇಳಿಹೊತ್ತಿನಲ್ಲಿ 45 ಡಿಗ್ರಿ ಎತ್ತರದಲ್ಲಿರುವಾಗ ಪಶ್ಚಿಮದಿಂದ ಇಪ್ಪತ್ತು ಡಿಗ್ರಿಯಷ್ಟು ಉತ್ತರಕ್ಕಿರುತ್ತಾನೆ. ಪೂರ್ತಿ ವಾಯವ್ಯವಲ್ಲ, ಆದರೂ ಭೂಪಟದ ಕಲ್ಪಿತ ಸೂರ್ಯನಿಗೆ ನಮ್ಮ ಸೂರ್ಯ ಹತ್ತಿರದ ನೆಂಟ.

ನೆರಳು ಕೆಡುವುದು ಸಾಮಾನ್ಯವಾಗಿ ದಿಕ್ಕಿನಿಂದಲ್ಲ, ಅಳತೆಯಿಂದ. ಎಕ್ಸ್, ವೈ ಅಕ್ಷಗಳನ್ನು ಡಿಗ್ರಿಯಲ್ಲೂ ಎತ್ತರವನ್ನು ಮೀಟರಿನಲ್ಲೂ ಕೊಟ್ಟರೆ, ಅರ್ಧ ಡಿಗ್ರಿಗೂ ಕಡಿಮೆ ಅಗಲದಲ್ಲಿ 430 ಏರಿದಂತೆ ಲೈಬ್ರರಿ ಲೆಕ್ಕ ಹಾಕುತ್ತದೆ. ಅದರ ಪಾಲಿಗೆ ಗದ್ದೆಯ ಬದುವೂ ಗೋಡೆಯಷ್ಟು ಕಡಿದು. ಆಗ ಮೇಲ್ಮೈಯ ತುಣುಕುಗಳು ಒಂದೋ ಪೂರ್ತಿ ಬೆಳಗುತ್ತವೆ, ಇಲ್ಲವೇ ಪೂರ್ತಿ ಕಪ್ಪಾಗುತ್ತವೆ. ಡಿಗ್ರಿಯನ್ನು ಮೊದಲು ಮೀಟರಿಗೆ ತಿರುಗಿಸಬೇಕು. ಈ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 109 ಕಿಲೋಮೀಟರು.

ಈಗ ನೋಟದ ದಿಕ್ಕು. ‘ವ್ಯೂ ಇನಿಟ್’ ಆಜ್ಞೆಗೆ ಎತ್ತರದ ಕೋನ 20, ದಿಕ್ಕಿನ ಕೋನ −150 ಎಂದು ಕೊಡಿ. ಇದು ಕಳಲೆಯ ಬೆನ್ನಿಗೆ ನಿಂತು, ಹೊಳೆ ಹರಿಯುವ ಕಡೆಗೆ, ಸಂಗಮದತ್ತ ಮುಖಮಾಡಿದ ನೋಟ. ಕಳಲೆ ಕಾಲಬುಡದಲ್ಲಿ, ಚಾಮುಂಡಿ ಎಡಕ್ಕೆ, ತಿರುಮಕೂಡಲು ದೂರದಲ್ಲಿ. ಚಾಮರಾಜನಗರದಿಂದ ನೋಡಿದಾಗ ಅಡ್ಡಗೆರೆಯಾಗಿದ್ದ ಕಪಿಲೆ ಈಗ ನಮ್ಮಿಂದ ಆಚೆಗೆ ಇಳಿದು ಹೋಗುತ್ತದೆ. ಒಂದು ತೊಡಕಿದೆ. ಲೈಬ್ರರಿ ಹುಟ್ಟಿನಿಂದ ದೂರದ್ದನ್ನು ಚಿಕ್ಕದಾಗಿ ತೋರಿಸುತ್ತದೆ, ಕ್ಯಾಮೆರಾ ತೋರಿಸುವ ಹಾಗೆ. ನೋಡಲು ಹಿತ, ಅಳೆಯಲು ಅಲ್ಲ. ಹತ್ತಿರದ ದಿಬ್ಬವನ್ನೂ ದೂರದ ದಿಬ್ಬವನ್ನೂ ಹೋಲಿಸಬೇಕಾದರೆ ‘ಆರ್ಥೊ’ ಪ್ರಕ್ಷೇಪಕ್ಕೆ ಬದಲಿಸಬೇಕು. ಅಲ್ಲಿ ಸಮಾನಾಂತರ ಗೆರೆಗಳು ಸಮಾನಾಂತರವಾಗಿಯೇ ಉಳಿಯುತ್ತವೆ.

ಹಿನ್ನೆಲೆಯ ಮೂರು ಬೂದು ಗೋಡೆಗಳನ್ನು, ಅವುಗಳ ಮೇಲಿನ ಜಾಲರಿಯನ್ನು ತೆಗೆಯುವುದು ಸುಲಭ. ಗೋಡೆಗೆ ಬಣ್ಣ ಬೇಡವೆನ್ನಿ, ಜಾಲರಿ ಅಳಿಸಿ. ಜಾಲರಿಯ ಗೆರೆಯನ್ನು ತೆಳು ಮಾಡಲು ಮಾತ್ರ ಬಹುಕಾಲ ‘ಆಕ್ಸ್‌ಇನ್ಫೊ’ ಎಂಬ ಒಳಮನೆಯ ಪೆಟ್ಟಿಗೆಗೇ ಕೈಹಾಕಬೇಕಿತ್ತು. ಅಡಿಗೆರೆಯಿಂದ ಶುರುವಾಗುವ ಅಂಥ ಹೆಸರುಗಳಿಗೆ ಪೈಥಾನ್ ಲೋಕದಲ್ಲಿ ‘ಹೊರಗಿನವರು ಮುಟ್ಟಬೇಡಿ’ ಎಂದರ್ಥ. ಎಲ್ಲರೂ ಮುಟ್ಟಿದರು.

ನದಿಯನ್ನು ನೀಲಿ ಗೆರೆಯಾಗಿ ಈ ನೆಲದ ಮೇಲೆ ಎಳೆಯಹೊರಟಾಗ ಲೈಬ್ರರಿಯ ಹುಟ್ಟುಗುಣ ಬಯಲಾಗುತ್ತದೆ. ಗೆರೆ ಒಂದೋ ನೆಲದಡಿ ಪೂರ್ತಿ ಮಾಯವಾಗುತ್ತದೆ, ಇಲ್ಲವೇ ದಿಬ್ಬಗಳನ್ನೂ ಲೆಕ್ಕಿಸದೆ ಎಲ್ಲದರ ಮೇಲೆ ತೇಲುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಮೂರನೆಯ ಆಯಾಮ ತಡವಾಗಿ ಬಂದ ವಿದ್ಯೆ. ಅಪಸ್ಮಾರ ರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಶಿಕಾಗೊದಲ್ಲಿ ಜಾನ್ ಹಂಟರ್ ಎಂಬ ನರವಿಜ್ಞಾನಿ ಇದನ್ನು ಶುರುಮಾಡಿದರು, 2003ರಲ್ಲಿ ಹೊರಬಂತು. ಅವರಿಗೆ ಬೇಕಿದ್ದದ್ದು ಸಮತಟ್ಟು ಹಾಳೆಯ ಮೇಲಿನ ಗೆರೆಗಳು. ಹಂಟರ್ 2012ರಲ್ಲಿ ಕ್ಯಾನ್ಸರಿನ ಚಿಕಿತ್ಸೆಯ ತೊಡಕುಗಳಿಂದ ತೀರಿಕೊಂಡರು. ಜಾನ್ ಪೋರ್ಟರ್ ಬರೆದ ಮೂರು ಆಯಾಮದ ಭಾಗವನ್ನು 2009ರಲ್ಲಿ ರೈನಿಯರ್ ಹೀರೆಸ್ ಮತ್ತೆ ಜೀವಂತಗೊಳಿಸಿದ್ದರು. ಅದು ಈಗಲೂ ಎಲ್ಲವನ್ನೂ ಹಾಳೆಗೆ ಚಪ್ಪಟೆ ಮಾಡಿ, ದೂರದ್ದನ್ನು ಮೊದಲು, ಹತ್ತಿರದ್ದನ್ನು ಆಮೇಲೆ ಬಳಿಯುತ್ತದೆ. ಇಡೀ ಮೇಲ್ಮೈ ಒಂದು ವಸ್ತು, ಇಡೀ ನದಿ ಇನ್ನೊಂದು ವಸ್ತು. ಒಂದರ ಮೇಲೆ ಇನ್ನೊಂದು, ಅಷ್ಟೇ. ಒಂದೊಂದು ಚುಕ್ಕಿಗೂ ಆಳ ನೋಡಿ ಬಿಡಿಸುವ ಲೈಬ್ರರಿಗಳಿವೆ. ಪ್ರಭು ರಾಮಚಂದ್ರನ್ ರೂಪಿಸಿದ ‘ಮಾಯಾವಿ’ ಅವುಗಳಲ್ಲಿ ಒಂದು, ಮ್ಯಾಟ್‌ಪ್ಲಾಟ್‌ಲಿಬ್‌ನ ಕೈಪಿಡಿಯೇ ಅತ್ತ ಬೆರಳು ತೋರಿಸುತ್ತದೆ. ಇದರಲ್ಲೇ ಆಗಬೇಕೆಂದರೆ ನದಿಯನ್ನು ಗೆರೆಯಾಗಿ ಎಳೆಯಬಾರದು. ನದಿಯಿರುವ ತುಣುಕುಗಳಿಗೆ ‘ಫೇಸ್‌ಕಲರ್ಸ್’ ಮೂಲಕ ನೀಲಿ ಬಣ್ಣ ಕೊಡಬೇಕು. ಆಗ ಹೊಳೆ ನೆಲದ ಭಾಗವೇ ಆಗುತ್ತದೆ, ದಿಬ್ಬದ ಹಿಂದೆ ಮರೆಯಾಗುತ್ತದೆ.

ಇಷ್ಟಾದ ಮೇಲೆ ಎಲ್ಲರಿಗೂ ಹುಟ್ಟುವ ಆಸೆ ನೆರೆಯನ್ನು ತೋರಿಸುವುದು. 2018ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕಪಿಲೆಯ ಮೇಲಿನ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಸ್ನಾನಘಟ್ಟ ಮುಳುಗಿಸಿ, ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯ ಮೇಲೂ ಹರಿಯಿತು. ಅದನ್ನು ಚಿತ್ರಿಸಲು ಥಟ್ಟನೆ ಹೊಳೆಯುವ ಉಪಾಯವೆಂದರೆ ನಂಜನಗೂಡಿನ ನೆರೆಮಟ್ಟದಲ್ಲಿ ಒಂದು ಸಪಾಟು ನೀಲಿ ಹಾಳೆ ಹಾಸಿ, ಅದಕ್ಕಿಂತ ತಗ್ಗಿರುವುದೆಲ್ಲ ಮುಳುಗಿತೆನ್ನುವುದು. ಅದನ್ನು ಮಾಡಿದರೆ ನಂಜನಗೂಡಿನಲ್ಲಿ ಮೊಣಕಾಲುದ್ದ ನೀರಿರುವಾಗ ಟಿ. ನರಸೀಪುರ ಇಪ್ಪತ್ತು ಮೀಟರು ಆಳಕ್ಕೆ ಹೋಗುತ್ತದೆ! ಎರಡು ಪಟ್ಟಣಗಳ ಎತ್ತರದ ಅಂತರ ಅಷ್ಟಿದೆ, ನೇರ ಅಂತರ ಸುಮಾರು 26 ಕಿಲೋಮೀಟರು. ಹರಿಯುವ ನೀರಿನ ಮೈ ಇಳಿಜಾರು, ಕೆರೆಯ ಮೈಯಂತೆ ಮಟ್ಟಸವಲ್ಲ. ಎಸ್‌ಆರ್‌ಟಿಎಂ ಯೋಜನೆ ತನಗೆ ತಾನೇ ಹಾಕಿಕೊಂಡ ತಪ್ಪಿನ ಮಿತಿಯೇ 16 ಮೀಟರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಯಲಿನಲ್ಲಿ ತಪ್ಪು ಅದಕ್ಕಿಂತ ಕಡಿಮೆಯೇ ಇರುತ್ತದೆ, ಆದರೂ ಬೀದಿಬೀದಿಯ ನೆರೆಯನ್ನು ಈ ದತ್ತಾಂಶದಿಂದ ಹೇಳಹೊರಡುವುದು ಉದ್ಧಟತನ.

ಮಾಡಬಹುದಾದದ್ದು ಒಂದಿದೆ. ಒಂದೊಂದು ಬಿಂದುವಿನ ಎತ್ತರದಿಂದಲೂ, ಅಲ್ಲಿ ಬಿದ್ದ ನೀರು ಇಳಿದು ಸೇರುವ ಹೊಳೆಯ ಎತ್ತರವನ್ನು ಕಳೆಯಿರಿ. ಉಳಿಯುವುದು ಹೊಳೆಯಿಂದ ಆ ಜಾಗದ ಎತ್ತರ. ಝೆಡ್ ಅಕ್ಷದ ಮೇಲಿನ ‘ಸಮುದ್ರಮಟ್ಟದಿಂದ’ ಎಂಬ ಬರಹ ಹೋಗಿ ‘ಹೊಳೆಯಿಂದ’ ಎಂದಾಗುತ್ತದೆ, ಕಪಿಲೆ ಉದ್ದಕ್ಕೂ ಸೊನ್ನೆಯಲ್ಲಿ ನಿಲ್ಲುತ್ತದೆ. ಆ ಅಕ್ಷವನ್ನು 0ಯಿಂದ 30 ಮೀಟರಿಗೆ ಕಟ್ಟಿಹಾಕಿ. ಹಳೆಯ ಆವೃತ್ತಿಗಳಲ್ಲಿ ಹಾಗೆ ಕಟ್ಟಿದರೂ ಬೆಟ್ಟ ಪೆಟ್ಟಿಗೆಯಿಂದ ಹೊರಗೆ ಚಾಚಿಕೊಂಡೇ ಇರುತ್ತಿತ್ತು. 3.10ರಿಂದ ‘ಆಕ್ಸ್‌ಲಿಮ್ ಕ್ಲಿಪ್’ ಎಂದರೆ ಕತ್ತರಿಸಿಹೋಗುತ್ತದೆ. ಈ ಚಿತ್ರದಲ್ಲಿ ಚಾಮುಂಡಿ ಬೆಟ್ಟಕ್ಕೆ ಜಾಗವಿಲ್ಲ. ಹೊಳೆಯ ಎರಡೂ ದಂಡೆಯ ಗದ್ದೆಗಳಿಗೆ, ಅವುಗಳ ಅಂಚಿನಲ್ಲಿ ಒಂದೇ ಮಟ್ಟ ಹಿಡಿದು ಸಾಗುವ ನಾಲೆಗಳಿಗೆ, ಅದಕ್ಕೂ ಮೇಲಿನ ಮಳೆ ನಂಬಿದ ಹೊಲಗಳಿಗೆ ಮಾತ್ರ ಇದೆ.